ನಂಗ್ ಮೀನಿನ ಇನ್ನೊಂದು ಕಣ್ಣು ಎಲ್ಲಿ?

ಮಂಗಳೂರು, ಮಲ್ಪೆ ಕಡೆಯ ಮಕ್ಕಳಿಗೆ ನಂಗ್ ಮೀನು ಗೊತ್ತೇ ಇರುತ್ತದೆ. ಮಳೆಗಾಲ ಕಳೆದು ದೋಣಿಗಳು ಕಡಲಿಗಿಳಿದ ಮೇಲೆ ಮೀನುಪೇಟೆಯ ಬುಟ್ಟಿಗಳಲ್ಲಿ ಇದರ ರಾಶಿಯನ್ನು ನೀವು ನೋಡಿರಬಹುದು. ಬಯಲುಸೀಮೆಯ ಮಕ್ಕಳು ಹೀಗೆ ಊಹಿಸಿಕೊಳ್ಳಿ: ಗೇಣಿಗಿಂತ ಚಿಕ್ಕದಾದ, ನಾಲಿಗೆಯ ಆಕಾರದ ಚಪ್ಪಟೆ ಮೀನು. ಒಂದು ಬದಿ ಕೆಸರಿನಂತೆ ಕಂದು. ತಿರುಗಿಸಿದರೆ ಬಿಳಿ. ಆ ಬಿಳಿ ಬದಿಯಲ್ಲಿ ಕಣ್ಣೇ ಇಲ್ಲ! ಎರಡೂ ಕಣ್ಣುಗಳು ಕಂದು ಬದಿಯಲ್ಲೇ ಇವೆ.

ಕಂದು ಬದಿ ಬೆನ್ನು, ಬಿಳಿ ಬದಿ ಹೊಟ್ಟೆ ಎಂದುಕೊಂಡಿರಾ? ಹಾಗಲ್ಲ. ಅವು ಮೀನಿನ ಎಡ ಮತ್ತು ಬಲ ಪಕ್ಕೆಗಳು. ಸಮುದ್ರದ ತಳದ ಕೆಸರಿನ ಮೇಲೆ ನಂಗ್ ಬಲ ಮಗ್ಗುಲಾಗಿ ಮಲಗಿಯೇ ಬಾಳುತ್ತದೆ. ಕೆಸರಿನೊಳಗಿನ ಹುಳುಗಳೇ ಇದಕ್ಕೆ ಮುಖ್ಯ ಆಹಾರ. ಮೇಲಿನಿಂದ ನೋಡುವ ಶತ್ರುವಿಗೆ ಕೆಸರು ಯಾವುದು, ಮೀನು ಯಾವುದು ಎಂದು ತಿಳಿಯುವುದಿಲ್ಲ.

ಮೊಟ್ಟೆಯಿಂದ ಹೊರಬಂದ ಮರಿ ಮಾತ್ರ ಹೀಗಿರುವುದಿಲ್ಲ. ಎಲ್ಲ ಮೀನುಗಳಂತೆ ತಲೆಯ ಆಚೆಗೊಂದು ಈಚೆಗೊಂದು ಕಣ್ಣಿಟ್ಟುಕೊಂಡು ನೆಟ್ಟಗೆ ಈಜುತ್ತದೆ. ಸುಮಾರು 1 ಸೆಂಟಿಮೀಟರ್ ಬೆಳೆಯುವ ಹೊತ್ತಿಗೆ ತಲೆಬುರುಡೆ ತಿರುಚಿಕೊಳ್ಳತೊಡಗುತ್ತದೆ. ಬಲಗಣ್ಣು ನಿಧಾನವಾಗಿ ಸರಿದು ಎಡಬದಿಗೆ ಬಂದು ನಿಲ್ಲುತ್ತದೆ. ಮರಿ ಮಗ್ಗುಲಾಗಿ ತಳ ಸೇರುತ್ತದೆ.

ಯುರೋಪಿನ ಕರಾವಳಿಯಲ್ಲಿ ನಂಗಿನ ಬಂಧುವೊಂದಿದೆ. ಅದರ ಹೆಸರು ಸೋಲ್. ಅದು ಮಲಗುವುದು ಎಡ ಮಗ್ಗುಲಿಗೆ. ಅದರ ಕಣ್ಣುಗಳಿರುವುದು ಬಲಬದಿಯಲ್ಲಿ. ಹಗಲೆಲ್ಲ ಮರಳಿನಲ್ಲಿ ಹುದುಗಿದ್ದು ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ. ಕತ್ತಲಲ್ಲಿ ಹುಳು ಸಿಗುವುದು ಹೇಗೆ? ತಲೆಯ ಕೆಳಬದಿಯಲ್ಲಿ ಎಳೆ ಎಳೆಯಾದ ಚಿಕ್ಕ ಕುಚ್ಚುಗಳಿವೆ. ನಾವು ಕತ್ತಲೆ ಕೋಣೆಯಲ್ಲಿ ಬೆಂಕಿಪೊಟ್ಟಣ ತಡಕುವಂತೆ ಅದು ಅವುಗಳಿಂದ ತಳವನ್ನು ತಡಕುತ್ತದೆ.

ಈ ಸರಿಯುವ ಕಣ್ಣು ವಿಜ್ಞಾನಿಗಳ ನಡುವೆ ದೊಡ್ಡ ವಾದವನ್ನೇ ಎಬ್ಬಿಸಿತ್ತು. ಜೀವಿಗಳು ಪೀಳಿಗೆಯಿಂದ ಪೀಳಿಗೆಗೆ ಸ್ವಲ್ಪ ಸ್ವಲ್ಪವೇ ಬದಲಾಗುತ್ತಾ ಬಂದಿವೆ ಎಂದು ಚಾರ್ಲ್ಸ್ ಡಾರ್ವಿನ್ ಹೇಳಿದ್ದರು. 1871ರಲ್ಲಿ ಮೈವಾರ್ಟ್ ಎಂಬ ವಿಜ್ಞಾನಿ ಕೇಳಿದರು: ಹಾಗಾದರೆ ಹಿಂದೆ ಯಾವುದೋ ಕಾಲದಲ್ಲಿ ಕಣ್ಣು ಅರ್ಧದಷ್ಟೇ ಸರಿದಿದ್ದ ಮೀನುಗಳು ಇರಬೇಕಲ್ಲವೇ? ಅರ್ಧ ಸರಿದ ಕಣ್ಣಿನಿಂದ ಏನು ಉಪಯೋಗ? ಪ್ರಶ್ನೆ ಒಳ್ಳೆಯದೇ. ಮಗ್ಗುಲಾಗಿ ಮಲಗಿದ ಮರಿಗಳು ಕೆಳಗಿನ ಕಣ್ಣನ್ನು ಮೇಲಕ್ಕೆ ಹೊರಳಿಸಿ ನೋಡಲು ಯತ್ನಿಸುತ್ತವೆ ಎಂದು ಡಾರ್ವಿನ್ ಉತ್ತರ ಕೊಟ್ಟರು. ಆದರೆ ಅರ್ಧ ಸರಿದ ಕಣ್ಣಿನ ಮೀನನ್ನು ತೋರಿಸಲು ಅವರಿಗೆ ಆಗಲಿಲ್ಲ.

ಅದು ಸಿಕ್ಕಿದ್ದು 137 ವರ್ಷಗಳ ನಂತರ. 2008ರಲ್ಲಿ ಮ್ಯಾಟ್ ಫ್ರೀಡ್ಮನ್ ಎಂಬ ಯುವ ಸಂಶೋಧಕ ಯುರೋಪಿನ ವಸ್ತುಸಂಗ್ರಹಾಲಯಗಳಲ್ಲಿದ್ದ ಹಳೆಯ ಪಳೆಯುಳಿಕೆಗಳನ್ನು ಪರೀಕ್ಷಿಸಿದರು. ಅವು ಸುಮಾರು 5 ಕೋಟಿ ವರ್ಷಗಳ ಹಿಂದಿನ, ಇಟಲಿಯ ಬೋಲ್ಕಾದ ಕಲ್ಲಿನಲ್ಲಿ ಅಚ್ಚಾಗಿದ್ದ ಮೀನುಗಳು. ಬೆಳೆದ ಮೀನುಗಳೇ. ಆದರೆ ಒಂದು ಕಣ್ಣು ತಲೆಯ ಮೇಲ್ತುದಿಯ ಕಡೆಗೆ ಸರಿದು, ಆಚೆ ಬದಿಗೆ ದಾಟದೆ ಅಲ್ಲೇ ನಿಂತಿತ್ತು! ಅರ್ಧ ಸರಿದ ಕಣ್ಣಿನಿಂದಲೇ ಅವು ಬೆಳೆದು ದೊಡ್ಡವಾಗಿದ್ದವು.

ಮನೆಗೆ ನಂಗ್ ತಂದರೆ, ಸಿಪ್ಪೆ ಸುಲಿಯುವ ಮೊದಲು ಅಮ್ಮನನ್ನು ಕೇಳಿ ಒಂದನ್ನು ಕೈಗೆತ್ತಿಕೊಳ್ಳಿ. ಬಾಯಿ ಬಾಗಿರುವ ಕಡೆ ಹೊಟ್ಟೆ. ಹೊಟ್ಟೆ ಕೆಳಕ್ಕೂ ತಲೆ ನಿಮ್ಮಿಂದ ಆಚೆಗೂ ಇರುವಂತೆ ನೆಟ್ಟಗೆ ಹಿಡಿಯಿರಿ. ಎರಡೂ ಕಣ್ಣುಗಳು ನಿಮ್ಮ ಎಡಗೈ ಕಡೆಗೇ ಇವೆಯೇ, ನೋಡಿ.