ಯಾವ ಜಾಲ ವೇಗವುಳ್ಳದ್ದು?

ವಿದ್ಯಾರ್ಥಿನಿಲಯದ ಒಂದೇ ಕೋಣೆಯಲ್ಲಿ ಇಬ್ಬರು ಗೆಳೆಯರು ಕುಳಿತಿರುವರೆಂದು ಭಾವಿಸೋಣ. ಒಬ್ಬನ ಮೊಬೈಲಿನಲ್ಲಿ ಪಾಠದ ವೀಡಿಯೊ ತಡೆಯಿಲ್ಲದೆ ಓಡುತ್ತಿದೆ. ಇನ್ನೊಬ್ಬನದರಲ್ಲಿ ಚಿತ್ರ ನಿಂತಲ್ಲೇ ನಿಂತಿದೆ. ಇಬ್ಬರ ಕಂಪೆನಿಗಳೂ ತಮ್ಮದೇ ಅತ್ಯಂತ ವೇಗದ ಜಾಲವೆಂದು ಸಾರುತ್ತವೆ. ನಾವು ಯಾರ ಮಾತನ್ನು ನಂಬಬೇಕು?

ಜಾಲದ ವೇಗವನ್ನು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು ಹೇಳುವುದು ವಾಡಿಕೆ. 8 ಬಿಟ್‌ಗಳು ಸೇರಿ 1 ಬೈಟ್ ಆಗುವುದರಿಂದ, 40 ಮೆಗಾಬಿಟ್ ವೇಗದಲ್ಲಿ ಸೆಕೆಂಡಿಗೆ ಬರುವುದು 5 ಮೆಗಾಬೈಟ್ ಮಾತ್ರ. ಕೆರೆಯ ತೂಬಿನಿಂದ ಹರಿಯುವ ನೀರನ್ನು ಹಲವು ಗದ್ದೆಗಳು ಹಂಚಿಕೊಳ್ಳುವಂತೆ, ಒಂದು ಗೋಪುರದ ಸಾಮರ್ಥ್ಯವನ್ನು ಅದರ ಸುತ್ತಲಿನವರೆಲ್ಲರೂ ಹಂಚಿಕೊಳ್ಳುತ್ತಾರೆ. ಆದುದರಿಂದಲೇ ನಸುಕಿನಲ್ಲಿ ದೊರೆತ ವೇಗ ರಾತ್ರಿ ಒಂಬತ್ತು ಗಂಟೆಗೆ ದೊರೆಯದು.

ಗೋಡೆಗಳ ಪ್ರಭಾವವೂ ಅಲ್ಪವಲ್ಲ. 700 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 43 ಸೆಂಟಿಮೀಟರ್. 3300 ಮೆಗಾಹರ್ಟ್ಸ್ ಅಲೆಯದು ಸುಮಾರು 9. ನೀಳವಾದ ಅಲೆ ದೂರಕ್ಕೂ ಮನೆಯೊಳಕ್ಕೂ ಚೆನ್ನಾಗಿ ತಲಪುತ್ತದೆ. ಗಿಡ್ಡ ಅಲೆಗಳಿಗೆ ವಿಶಾಲವಾದ ಪಟ್ಟಿ ಲಭ್ಯವಿರುವುದರಿಂದ ಅವು ಹೆಚ್ಚು ಮಾಹಿತಿಯನ್ನು ಹೊರಬಲ್ಲವು. ಆದರೆ ಗೋಡೆಯನ್ನು ದಾಟುವಾಗ ಬಹಳವಾಗಿ ಕುಗ್ಗುತ್ತವೆ. ಹೀಗಾಗಿ ಬೀದಿಯಲ್ಲಿ ಗೆದ್ದ ಜಾಲ ಕೋಣೆಯಲ್ಲಿ ಸೋಲುವುದುಂಟು.

ಇನ್ನು ಸರಾಸರಿಯ ಮಾತು. ಐದು ಬಾರಿ ಅಳೆದಾಗ 2, 3, 4, 5 ಮತ್ತು 86 ಮೆಗಾಬಿಟ್ ಬಂದವೆನ್ನೋಣ. ಇವುಗಳ ಸರಾಸರಿ 20. ಆದರೆ ಐದರಲ್ಲಿ ನಾಲ್ಕು ಬಾರಿ ವೇಗ 5ನ್ನು ಮೀರಲೇ ಇಲ್ಲ! ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಬರೆದಾಗ ನಡುವೆ ನಿಲ್ಲುವ 4, ಅಂದರೆ ಮಧ್ಯಾಂಕವೇ, ಬಳಕೆದಾರನ ಅನುಭವಕ್ಕೆ ಹತ್ತಿರವಾದುದು.

ವೇಗದೊಡನೆ ವಿಳಂಬವನ್ನೂ ಗಮನಿಸಬೇಕು. ನಾವು ಕಳುಹಿಸಿದ ಸಂಕೇತಕ್ಕೆ ಮರುಸಂಕೇತ ಬರಲು ಹಿಡಿಯುವ ಕಾಲವೇ ವಿಳಂಬ. ಅದನ್ನು ಮಿಲಿಸೆಕೆಂಡುಗಳಲ್ಲಿ ಅಳೆಯುತ್ತಾರೆ. ಇದು ಹೆಚ್ಚಾದರೆ, ವೇಗವೆಷ್ಟಿದ್ದರೂ ವೀಡಿಯೊ ಕರೆಯಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ.

ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ವಾಹನದಲ್ಲಿ ಉಪಕರಣಗಳನ್ನಿರಿಸಿ ರಸ್ತೆಗಳಲ್ಲಿ ಜಾಲಗಳನ್ನು ಪರೀಕ್ಷೆ ಮಾಡಿಸುತ್ತದೆ. ನಮ್ಮ ಕೋಣೆಯ ಪರೀಕ್ಷೆಯನ್ನಾದರೋ ನಾವೇ ಮಾಡಬೇಕು. ಒಂದೇ ಮಾದರಿಯ ಎರಡು ಮೊಬೈಲುಗಳಲ್ಲಿ, ವೈಫೈ ಆರಿಸಿ, ಒಂದೇ ಜಾಗದಲ್ಲಿ, ಬೆಳಗ್ಗೆ, ಸಂಜೆ, ರಾತ್ರಿ ಒಂದು ವಾರ ಅಳೆಯೋಣ. ಒಂದಾದ ಮೇಲೊಂದರಂತೆ ಅಳೆದರೆ ಒಂದು ಇನ್ನೊಂದಕ್ಕೆ ಅಡ್ಡಿಯಾಗದು. ಮಧ್ಯಾಂಕವನ್ನೂ ಅತಿ ಕಡಿಮೆ ವೇಗವನ್ನೂ ಬರೆದಿಡೋಣ. ಪರೀಕ್ಷೆಯ ಅರ್ಜಿಯನ್ನು ಕಡೆಯ ದಿನ ಕಳುಹಿಸುವಾಗ ಯಾವ ಜಾಲ ಕೈಕೊಡದೆಂಬುದನ್ನು ಜಾಹೀರಾತಿಗಿಂತ ಆ ಪುಟ್ಟ ಪಟ್ಟಿಯೇ ಚೆನ್ನಾಗಿ ಹೇಳೀತು.