ಕಂಪ್ಯೂಟರಿಗೂ ಮರೆವಿನ ಕಾಯಿಲೆ!



ದಿನಾ ಮೈಕಿನ ಮುಂದೆ ಮಾತಾಡುವವಳು ಈ ಸಲ ಸ್ಕ್ರೂಡ್ರೈವರ್ ಹಿಡಿದ ಕಥೆ ಹೇಳುತ್ತೇನೆ. ನಾನು ಓದಿದ್ದು ಕನ್ನಡ ಬಿ.ಎ. ನನಗೆ ಅರ್ಥವಾದದ್ದು ನಿಮಗೂ ಖಂಡಿತ ಆಗುತ್ತದೆ, ಹೆದರಬೇಡಿ.

ನಮ್ಮ ಮನೆಯಲ್ಲಿ 2009ರಲ್ಲಿ ಕೊಂಡ ಕಂಪ್ಯೂಟರ್ ಇದೆ. ಮಗ ಅದನ್ನು 'ಡಬ್ಬ' ಅಂತಾನೆ. ಆದರೂ ಗುಜರಿಗೆ ಹಾಕಿಲ್ಲ, ಯಾಕೆಂದರೆ ಅದರೊಳಗೆ ನಮ್ಮಮ್ಮ ಹಾಡಿದ ಸೋಬಾನೆ ಪದಗಳಿವೆ. ಅಮ್ಮ ಈಗಿಲ್ಲ.

ಕಳೆದ ಮಳೆಗಾಲದಲ್ಲಿ ಡಬ್ಬ ಹಠ ಹಿಡಿಯಿತು. ಒಮ್ಮೆ ನೀಲಿ ಪರದೆ, ಒಮ್ಮೆ ತಾನೇ ರೀಸ್ಟಾರ್ಟ್. ಗಾಬರಿಯಾಗಿ ಹಾಡುಗಳನ್ನು ಪೆನ್ ಡ್ರೈವಿಗೆ ಕಾಪಿ ಮಾಡಿದೆ. ಕೇಳಿದರೆ, ಹಾಡಿನ ನಡುವೆ 'ಟಕ್' ಎಂಬ ಸದ್ದು! ಮತ್ತೆ ಕಾಪಿ ಮಾಡಿದೆ. ಸದ್ದು ಈಗ ಬೇರೆ ಜಾಗದಲ್ಲಿ. ರಿಪೇರಿಯವರು "ವೈರಸ್ಸು ಮೇಡಂ, ಫಾರ್ಮ್ಯಾಟ್ ಮಾಡಿಬಿಡೋಣ" ಎಂದರು. ನಾನು ಒಪ್ಪಲಿಲ್ಲ. ಸದ್ದು ಜಾಗ ಬದಲಿಸುತ್ತಿದೆ ಎಂದರೆ ಹಾಡು ಡಿಸ್ಕಿನಲ್ಲಿ ಸರಿಯಾಗಿಯೇ ಇರಬಹುದು, ಕೆಡುತ್ತಿರುವುದು ದಾರಿಯಲ್ಲಿ. ಆ ದಾರಿಯಲ್ಲಿ ಮೊದಲು ಅನುಮಾನಿಸಬೇಕಾದದ್ದು ರ‍್ಯಾಮ್.

ರ‍್ಯಾಮಿನೊಳಗೆ ಕೋಟಿಗಟ್ಟಲೆ ಪುಟ್ಟ ಬಿಂದಿಗೆಗಳಿವೆ ಎಂದುಕೊಳ್ಳಿ. ವಿದ್ಯುತ್ ತುಂಬಿದ್ದರೆ 1, ಖಾಲಿ ಇದ್ದರೆ 0. ಎಲ್ಲವೂ ಸೋರುವ ಬಿಂದಿಗೆಗಳೇ! ಅದಕ್ಕೇ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಎಲ್ಲವನ್ನೂ ಮತ್ತೆ ತುಂಬಿಸಲಾಗುತ್ತದೆ. ಯಾವುದಾದರೂ ಅದಕ್ಕೂ ಮೊದಲೇ ಬರಿದಾದರೆ 1 ಹೋಗಿ 0 ಆಗುತ್ತದೆ. ಮನೆ ಕಂಪ್ಯೂಟರಿನ ಮಾಮೂಲಿ ರ‍್ಯಾಮಿಗೆ ಈ ತಪ್ಪು ಗೊತ್ತಾಗುವುದಿಲ್ಲ. ತಪ್ಪೇ ಫೈಲಿನಲ್ಲಿ ಸೇರಿಬಿಡುತ್ತದೆ. ಆದ್ದರಿಂದ ರ‍್ಯಾಮ್ ಮೇಲೆ ಅನುಮಾನ ಬಂದರೆ ಫಾರ್ಮ್ಯಾಟ್ ಬೇಡ, ಕಾಪಿಯೂ ಬೇಡ. ಮೊದಲು ಪರೀಕ್ಷೆ.

ಮೊದಲು ಶುಚಿ ಮಾಡಿ. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ಮೈಯ ಸ್ಥಿರವಿದ್ಯುತ್ ಇಳಿಯಲಿ. ಎರಡೂ ಬದಿಯ ಕ್ಲಿಪ್ ಸರಿಸಿ ರ‍್ಯಾಮ್ ಪಟ್ಟಿ ತೆಗೆಯಿರಿ. ಕೆಳಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ಮೆತ್ತನೆ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಕೊಡವಿ, 'ಕಟ್' ಎನ್ನುವವರೆಗೆ ಒತ್ತಿ ಕೂರಿಸಿ. ಮುಂಬಯಿಯ ತೇವದ ಗಾಳಿಗೆ ಕೆಲವೊಮ್ಮೆ ಇಷ್ಟೇ ಮದ್ದು ಸಾಕು.

ಆಮೇಲೆ ಪರೀಕ್ಷೆ. ವಿಂಡೋಸ್ ವಿಸ್ತಾ ಮತ್ತು ಆಮೇಲಿನವುಗಳಲ್ಲಿ 'ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್' ಇರುತ್ತದೆ. ಎಕ್ಸ್‌ಪಿ ಇರುವವರು ಉಚಿತವಾಗಿ ಸಿಗುವ 'ಮೆಮ್‌ಟೆಸ್ಟ್86+' ಅನ್ನು ಬೇರೆ ಕಂಪ್ಯೂಟರಿನಲ್ಲಿ ಸಿಡಿಗೆ ಹಾಕಿಕೊಂಡು, ಅದರಿಂದಲೇ ಬೂಟ್ ಮಾಡಬೇಕು. ಇದು ಹೆಚ್ಚು ಕಟ್ಟುನಿಟ್ಟು. ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ತಪ್ಪು ಕಂಡರೂ ಫೇಲ್ ಎಂದೇ ಲೆಕ್ಕ!

ತಪ್ಪು ಕಂಡರೆ ಒಂದೊಂದೇ ಪಟ್ಟಿಯನ್ನು ಒಂದೇ ಸ್ಲಾಟಿನಲ್ಲಿಟ್ಟು ಪರೀಕ್ಷಿಸಿ. ಪಾಸಾದ ಪಟ್ಟಿಯನ್ನು ಇನ್ನೊಂದು ಸ್ಲಾಟಿನಲ್ಲೂ ನೋಡಿ. ಅಲ್ಲಿ ಮಾತ್ರ ಫೇಲಾದರೆ ದೋಷ ಪಟ್ಟಿಯದಲ್ಲ, ಮದರ್‌ಬೋರ್ಡಿನದು.

ನನ್ನ ಡಬ್ಬದಲ್ಲಿ 1 ಜಿಬಿಯ ಎರಡು ಪಟ್ಟಿಗಳು. ಒಂದನ್ನು ಹಾಕಿದೊಡನೆ ಪರದೆ ತುಂಬ ಕೆಂಪು ಸಾಲು. ಇನ್ನೊಂದು ಬೆಳಗಿನವರೆಗೂ ತಪ್ಪಿಲ್ಲದೆ ಓಡಿತು. ಕೆಟ್ಟದ್ದನ್ನು ತೆಗೆದಿಟ್ಟು, ಒಳ್ಳೆಯದೊಂದರಲ್ಲೇ ಹಾಡುಗಳನ್ನು ಮತ್ತೆ ಕಾಪಿ ಮಾಡಿದೆ. ಹೆಡ್‌ಫೋನ್ ಹಾಕಿಕೊಂಡು ಕೊನೆಯವರೆಗೂ ಕೇಳಿದೆ. ಟಕ್ ಇಲ್ಲ, ಅಮ್ಮನ ದನಿ ಮಾತ್ರ. ಈಗ ಎರಡು ಕಡೆ ಜೋಪಾನ ಮಾಡಿದ್ದೇನೆ.

ಹೊಸ ಪಟ್ಟಿ ಬೇಕೇ? ಲ್ಯಾಮಿಂಗ್ಟನ್ ರಸ್ತೆಗೆ ಹೋಗುವಾಗ ಹಳೆಯದನ್ನೂ ಒಯ್ಯಿರಿ. ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್ನುಗಳೇ, ಆದರೆ ಕಚ್ಚಿನ ಜಾಗ ಬೇರೆ. ಒಂದರ ಬದಲು ಇನ್ನೊಂದು ಕೂರುವುದಿಲ್ಲ, ಒತ್ತಾಯ ಮಾಡಬೇಡಿ.

ನಿಮ್ಮ ಮನೆಯ ಡಬ್ಬದಲ್ಲೂ ಮದುವೆ ಫೋಟೋ, ಅಜ್ಜನ ದನಿ ಏನಾದರೂ ಇದೆಯೇ? ಈ ಭಾನುವಾರವೇ ಒಮ್ಮೆ ನೋಡಿಬಿಡಿ. ಮತ್ತೆ ರೇಡಿಯೋದಲ್ಲಿ ಸಿಗೋಣ!