ಹಳೆಮನೆಯ ಮೋಪು, ಜೀಪಿನ ಕೊಟ್ಟಗೆ

ನಮ್ಮ ಒಳನಾಡಿನ ತೋಟದ ಮನೆಗಳಲ್ಲಿ ಜೀಪೋ ಕಾರೋ ಇಲ್ಲದ ಮನೆ ಈಗ ಅಪರೂಪ. ರಸ್ತೆ ಅಂಗಳದ ತನಕ ಬಂದಿದೆ. ಅದರ ಹಿಂದೆಯೇ ವಾಹನವೂ ಬಂದಿದೆ. ಆದರೆ ಅದನ್ನು ನಿಲ್ಲಿಸುವ ಜಾಗದ ಮಟ್ಟಿಗೆ ನಾವಿನ್ನೂ ತಾತ್ಕಾಲಿಕ ಏರ್ಪಾಡಿನವರೇ. ನಾಲ್ಕು ಅಡಕೆ ಮರದ ಕಂಬ ಊರಿ ಮೇಲೆ ಪ್ಲಾಸ್ಟಿಕ್ ಎಳೆದವರು ಕೆಲವರು. ಕಬ್ಬಿಣದ ಪೈಪು ನಿಲ್ಲಿಸಿ ತಗಡಿನ ಶೀಟು ಹಾಕಿಸಿದವರು ಹಲವರು. ಶೀಟಿನ ಶೆಡ್ಡು ಎರಡು ದಿನದಲ್ಲಿ ಏಳುತ್ತದೆ, ನಿಜ. ಆಟಿ ತಿಂಗಳ ಮಳೆಯಲ್ಲಿ ಅದರಡಿ ನಿಂತು ಮಾತನಾಡಲು ನೋಡಿದವರಿಗೆ ಅದರ ಗುಣವೂ ಗೊತ್ತು. ಬೇಸಗೆಯ ಮಧ್ಯಾಹ್ನ ಅದರೊಳಗಿನ ಸೀಟಿನ ಮೇಲೆ ಕೂರುವುದೂ ಒಂದು ಸಾಹಸವೇ.

ಇದೇ ಹೊತ್ತಿಗೆ ಇನ್ನೊಂದು ಕಡೆ ಹಂಚಿನ ಹಳೆಯ ಮನೆಗಳು ಒಂದೊಂದಾಗಿ ನೆಲಕ್ಕಿಳಿಯುತ್ತಿವೆ. ಟೆರೇಸು ಮನೆಗೆ ಹಳೆಯ ತೊಲೆ, ಪಕ್ಕಾಸುಗಳ ಅಗತ್ಯವಿಲ್ಲ. ಮೋಪಿನ ವ್ಯಾಪಾರಿ ಬಂದು, ರಾಶಿಯ ಸುತ್ತ ಒಂದು ಸುತ್ತು ಬಂದು, ಒಟ್ಟು ರಾಶಿಗೆ ಒಂದು ಬೆಲೆ ಹೇಳಿ ಹೋಗುತ್ತಾನೆ. ಮೂರು ತಲೆಮಾರು ಹೊಗೆ ಕುಡಿದು ಕಬ್ಬಿಣದಂತಾದ ಕಿರಾಲುಬೋಗಿಯೂ, ಅದರ ಪಕ್ಕದ ಪೊಳ್ಳು ಮರವೂ ಒಂದೇ ಲೆಕ್ಕದಲ್ಲಿ ಲಾರಿ ಹತ್ತುತ್ತವೆ.

ನಮ್ಮ ಮನೆಯಲ್ಲೂ ಅದೇ ಆಗುವುದಿತ್ತು. ದೀಪಾವಳಿ ಕಳೆದ ಮೇಲೆ ಹಳೆಮನೆ ಕೆಡವಿ ಮೋಪನ್ನು ಹಟ್ಟಿಯ ಪಕ್ಕ ರಾಶಿ ಹಾಕಿದ್ದೆವು. ಮಾರಿ ಬಂದ ಹಣವನ್ನು ಮೂರು ಪಾಲು ಮಾಡೋಣ ಎಂಬುದು ತಮ್ಮನ ಮಾತು. ಅಜ್ಜ ಕಟ್ಟಿಸಿದ ಮನೆಯ ಮರವನ್ನು ಗುಜರಿಯ ಹಾಗೆ ತೂಗುವುದೆಂತು ಎಂಬುದು ದೊಡ್ಡಣ್ಣನದು. ಇಬ್ಬರದ್ದೂ ತಪ್ಪಲ್ಲ. ಬೆಂಗಳೂರಿನಲ್ಲಿ ಮನೆಸಾಲ ಕಟ್ಟುವವನಿಗೆ ಹಣ ಹಣವೇ. ಮಾತು ಬಿಗಿಯಾಗಿ, ಒಂದು ತಿಂಗಳು ಅವರಿಬ್ಬರ ನಡುವೆ ಫೋನೂ ಇರಲಿಲ್ಲ. ಕಡೆಗೆ ಅಮ್ಮನೇ, "ಮಾರುವುದಿದ್ದರೆ ನನ್ನ ಕಾಲದ ನಂತರ ಮಾರಿಕೊಳ್ಳಿ. ಈಗ ಜೀಪಿಗೊಂದು ಕೊಟ್ಟಗೆ ಮಾಡಿ" ಎಂದರು. ತಮ್ಮ ಒಪ್ಪಿದ, ಆದರೆ ಒಂದು ಶರ್ತ ಹಾಕಿದ. ಕಂಟ್ರಾಕ್ಟು ಕೊಡಬಾರದು, ಬೇಸಗೆ ರಜೆಯಲ್ಲಿ ಎಲ್ಲರೂ ಬಂದು ಕೈ ಹಾಕಬೇಕು. ಬಿಸುವಿನಿಂದ ಪತ್ತನಾಜೆಗೆ ಸುಮಾರು ನಲ್ವತ್ತು ದಿನ. ಅಷ್ಟರೊಳಗೆ ಹಂಚು ಏರಬೇಕು.

ಹಳೆಮನೆಯ ಮರ ಕೊಟ್ಟಗೆಗೆ ಒದಗುವುದಕ್ಕೆ ಒಂದು ಸರಳವಾದ ಕಾರಣವಿದೆ. ತೊಲೆ ಹಾಳಾಗುವುದು ಹೆಚ್ಚಾಗಿ ಗೋಡೆಯೊಳಗೆ ಹುದುಗಿದ ತುದಿಗಳಲ್ಲಿ. ಅಲ್ಲಿ ತೇವ ನಿಲ್ಲುತ್ತದೆ, ಗೆದ್ದಲು ಬರುವುದೂ ಅಲ್ಲಿಂದಲೇ. ಹದಿನಾಲ್ಕು ಅಡಿಯ ತೊಲೆಯ ಎರಡು ತುದಿ ಕೊಯ್ದು ತೆಗೆದರೆ ಹನ್ನೊಂದು ಅಡಿ ಗಟ್ಟಿ ಮರ ಸಿಗುತ್ತದೆ. ಮನೆಗೆ ಸಾಲದ ಆ ಉದ್ದ ಜೀಪಿನ ಕೊಟ್ಟಗೆಗೆ ಧಾರಾಳ. ಮೇಲಾಗಿ ಅದು ಒಣಗಿ ಮುಗಿದ ಮರ. ಹಸಿಮರ ಒಣಗುತ್ತ ಅಡ್ಡಕ್ಕೆ ಕುಗ್ಗುತ್ತದೆ, ಕೆಲವೊಮ್ಮೆ ತಿರುಚಿಕೊಳ್ಳುತ್ತದೆ. ಉದ್ದದಲ್ಲಿ ಮಾತ್ರ ಹೆಚ್ಚು ವ್ಯತ್ಯಾಸವಾಗದು. ಹಸಿಯಿರುವಾಗ ಬಿಗಿಯಾಗಿ ಕೂಡಿಸಿದ ಕಚ್ಚು ಮರುವರ್ಷ ಸಡಿಲವಾಗುವುದು ಇದರಿಂದ. ಹಳೆಯ ಮರಕ್ಕೆ ಆ ಕಾಟವಿಲ್ಲ.

ಮೊದಲ ವಾರವೆಲ್ಲ ಮೊಳೆ ಕೀಳುವುದರಲ್ಲೇ ಹೋಯಿತು. ಇದು ಮಕ್ಕಳ ಕೆಲಸ; ಹಳೆಯ ಸ್ಪೀಕರಿನಿಂದ ತೆಗೆದ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ಮರದ ಮೇಲೆ ಎಳೆದರೆ ಒಳಗೆ ಮುರಿದುಳಿದ ಮೊಳೆಯೂ ಸಿಗುತ್ತದೆ. ಒಂದು ಮೊಳೆ ಉಳಿದರೆ ಮರದ ಮಿಲ್ಲಿನ ಗರಗಸದ ಹಲ್ಲು ಹೋಗುತ್ತದೆ. ಆದ್ದರಿಂದಲೇ ಮಿಲ್ಲಿನವರು ಹಳೆಯ ಮರವೆಂದರೆ ಮುಖ ತಿರುಗಿಸುವುದು. ಮೊಳೆ ತೆಗೆದ ಮರವನ್ನು ದೊಡ್ಡಣ್ಣ ಕೊಡತಿಯಿಂದ ತಟ್ಟಿ ನೋಡುವರು. ಗಟ್ಟಿ ಮರ ಠಣ್ ಎನ್ನುತ್ತದೆ, ಪೊಳ್ಳು ಮರ ಡಬ್ ಎನ್ನುತ್ತದೆ. ಸಂಶಯ ಬಂದಲ್ಲಿ ಉಳಿಯ ಮೊನೆ ಒತ್ತಿ ನೋಡುವುದು. ಹಲಸಿನಲ್ಲಿ ಹಳದಿ ತಿರುಳು ಬಾಳುವಂಥದು, ಸುತ್ತಲಿನ ಬಿಳಿ ಭಾಗ ಹುಳದ ಆಹಾರ. ಅದನ್ನು ಬಾಚಿಯಿಂದ ಕೆತ್ತಿ ತೆಗೆದುಬಿಡಬೇಕು.

ಕಂಬಕ್ಕೆ ಎರಡು ತುಂಡು ಕಡಿಮೆ ಬಿತ್ತು. ಹಿಂದಿನ ಮಳೆಗಾಲದ ಗಾಳಿಗೆ ಬಿದ್ದ ಹಲಸೊಂದು ಕೊಯ್ದಿಟ್ಟದ್ದರಿಂದ ಹೊಸದಾಗಿ ಮರ ಕಡಿಯುವ ಪ್ರಮೇಯ ಬರಲಿಲ್ಲ. ಕಡಿಯಬೇಕಾದವರು ಒಂದು ವಿಷಯ ಗಮನದಲ್ಲಿಡುವುದು ಲೇಸು. ಕೇರಳದ 2005ರ ಕಾನೂನು ಅರಣ್ಯೇತರ ಹಿಡುವಳಿಯ ಮರಗಳ ಮೇಲೆ ಭೂಮಾಲಕರಿಗೆ ಹಕ್ಕು ಕೊಟ್ಟಿದೆಯಾದರೂ ಶ್ರೀಗಂಧ ಅದರಿಂದ ಹೊರಗೆ. ಅಧಿಸೂಚಿತ ಪ್ರದೇಶಗಳಲ್ಲಿ ತೇಗ, ಬೀಟೆ, ಕಿರಾಲುಬೋಗಿಯಂಥ ಮರಗಳಿಗೆ ಬೇರೆ ನಿರ್ಬಂಧಗಳಿವೆ. ಕೊಡಲಿ ಎತ್ತುವ ಮೊದಲು ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಕೊಟ್ಟಗೆಯ ವಿಷಯವಾಗಿ ಪಂಚಾಯತಿನಲ್ಲೂ ಒಂದು ಮಾತು ಕೇಳಿಕೊಳ್ಳುವುದು ಒಳ್ಳೆಯದು.

ಮನೆಮಂದಿಯೇ ಕಟ್ಟಿದೆವೆಂದರೂ ಆಚಾರಿಯವರನ್ನು ಬಿಟ್ಟು ಕಟ್ಟಿದ್ದಲ್ಲ. ಕಚ್ಚು ಹಾಕುವುದು, ತೂತು ಕೊರೆದು ನಾಲಗೆ ಕೂರಿಸುವುದು, ಮಾಡಿನ ನೆತ್ತಿಯಲ್ಲಿ ಎರಡು ಪಕ್ಕಾಸು ಕೂಡುವ ಓರೆ ಕೊಯ್ಯುವುದು, ಇಷ್ಟು ಅವರಿಗೇ ಬಿಟ್ಟದ್ದು. ಒಂಬತ್ತು ದಿನ ಬಂದರು. ಹೊರುವುದು, ಹಿಡಿಯುವುದು, ಕೊಯ್ಯುವುದು, ಕೀಸುವುದು, ಎಣ್ಣೆ ಬಳಿಯುವುದು ನಮ್ಮದು. ಈ ಬಗೆಯ ಹಂಚಿಕೆಯೇ ಸರಿ ಎಂದು ನಮ್ಮ ಅಭಿಪ್ರಾಯ. ಎಲ್ಲವನ್ನೂ ಅವರಿಗೆ ವಹಿಸಿದರೆ ಅವರ ದಿನಗಳ ಅರ್ಧ ಮರ ಎತ್ತಿಡುವುದಕ್ಕೇ ಹೋಗುತ್ತದೆ. ಎಲ್ಲವನ್ನೂ ನಾವೇ ಮಾಡುತ್ತೇವೆಂದರೆ ಕೂಡಿಕೆ ಕೂಡದು, ಆಮೇಲೆ ಮೊಳೆ ಬಡಿದು ಸಮಾಧಾನ ಮಾಡಿಕೊಳ್ಳಬೇಕಾಗುತ್ತದೆ.

ಆಚಾರಿಯವರು ಮಲಯಾಳದವರು. ನಮ್ಮ ಪಕ್ಕಾಸು ಅವರಿಗೆ ಕಳುಕ್ಕೋಲು, ನಮ್ಮ ರೀಪು ಅವರಿಗೆ ಪಟ್ಟಿಕ. ಕಂಬಗಳ ಮೇಲೆ ಉದ್ದಕ್ಕೆ ಮಲಗುವ ತೊಲೆಗೆ ಅವರಲ್ಲಿ ಉತ್ತರವೆಂದು ಹೆಸರು. "ಉತ್ತರಂ ಎವಿಡೆ, ಮೋನೇ?" ಎಂದು ಕೇಳಿದರೆ, ಕನ್ನಡ ಶಾಲೆಗೆ ಹೋಗುವ ನಮ್ಮ ಹುಡುಗ ಗಂಭೀರವಾಗಿ ಬಡಗು ದಿಕ್ಕಿಗೆ ಕೈ ತೋರಿಸಿದ. ಆ ದಿನ ಚಹಾ ಕುಡಿಯುವ ತನಕ ಅದೇ ನಗೆ. ಅಳತೆಯಲ್ಲಿಯೂ ಅಷ್ಟೇ. ಅವರದು ಕೋಲು, ಇಪ್ಪತ್ತನಾಲ್ಕು ಅಂಗುಲದ, 72 ಸೆಂಟಿಮೀಟರಿನ ಕೋಲು. ದೊಡ್ಡಣ್ಣನದು ಅಡಿ. ತಮ್ಮ ಮಿಲ್ಲಿಮೀಟರಿನವನು. ಮೊದಲ ದಿನವೇ ಒಂದು ಟೇಪು ನಿಶ್ಚಯಿಸಿ, ಮಿಕ್ಕವನ್ನು ಅಮ್ಮನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆವು. ಆದರೂ ಸುತ್ತಳತೆ ಒಳ್ಳೆಯ ಆಯಕ್ಕೆ ಬರಬೇಕೆಂದು ಆಚಾರಿಯವರು ಹಟ ಹಿಡಿದರು. ಜೀಪಿಗೂ ಆಯವೇ ಎಂದು ತಮ್ಮ ಗೊಣಗಿದ. ಕೆಲವು ಅಂಗುಲದ ವಿಷಯ, ಅವರು ಹೇಳಿದಂತೆಯೇ ಆಯಿತು.

ಕೊಟ್ಟಗೆಯ ಅಗಲ ಹತ್ತಡಿ, ಉದ್ದ ಹದಿನೆಂಟಡಿ ಚಿಲ್ಲರೆ. ಬದಿಗೆ ನಾಲ್ಕರಂತೆ ಎಂಟು ಕಂಬ. ಮೂಲೆ ಮಟ್ಟವಾಗಲು ಹಳೆಯ ಉಪಾಯವೇ ಸಾಕು: ಮೂಲೆಯಿಂದ ಒಂದು ಬದಿಗೆ ಆರು ಅಡಿ, ಇನ್ನೊಂದು ಬದಿಗೆ ಎಂಟು ಅಡಿ ಗುರುತು ಮಾಡಿ, ಗುರುತಿನಿಂದ ಗುರುತಿಗೆ ಸರಿಯಾಗಿ ಹತ್ತಡಿ ಬಂದರೆ ಮೂಲೆ ಸರಿ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಲೆಕ್ಕ ಹಗ್ಗದಲ್ಲಿ ಕಂಡಾಗ ಮಕ್ಕಳಿಗೆ ಆದ ಖುಷಿ ಸಣ್ಣದಲ್ಲ.

ಕಂಬವನ್ನು ಮಣ್ಣಿನಲ್ಲಿ ಊರಕೂಡದು. ಈ ಒಂದು ಮಾತನ್ನು ನಾವು ಒತ್ತಿ ಹೇಳಬೇಕಾಗಿದೆ. ಎಷ್ಟೇ ಒಳ್ಳೆಯ ಮರವಾದರೂ ನೆಲಮಟ್ಟದಲ್ಲಿ ತೇವವೂ ಗಾಳಿಯೂ ಕೂಡುವಲ್ಲಿ ಕೊಳೆಯುತ್ತದೆ. ಎರಡಡಿ ಹೊಂಡ ತೆಗೆದು, ಮುರಕಲ್ಲು ಕಟ್ಟಿ, ನೆಲದಿಂದ ಒಂದೂವರೆ ಅಡಿ ಎತ್ತರಿಸಿ, ಅದರ ಮೇಲೆ ಕಂಬ ನಿಲ್ಲಿಸಿದೆವು. ಕಲ್ಲಿನಿಂದ ಮೇಲೆದ್ದ ಕಬ್ಬಿಣದ ಸರಳು ಕಂಬದ ಬುಡದೊಳಕ್ಕೆ ಹೊಕ್ಕು ಹಿಡಿಯುತ್ತದೆ. ನಮ್ಮ ನಾಡಿಗೆ ದೇವರು ಕೊಟ್ಟ ಕಲ್ಲು ಇದು. ಅಗೆಯುವಾಗ ಮೆದು, ಗಾಳಿಗೆ ಒಡ್ಡಿದಷ್ಟೂ ಗಟ್ಟಿ. ಬುಕಾನನ್ ಎಂಬ ಇಂಗ್ಲಿಷ್ ಕಂಪೆನಿಯ ವೈದ್ಯ 1800ರಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ನೋಡಿ ಲ್ಯಾಟರೈಟ್ ಎಂಬ ಹೆಸರಿಟ್ಟ. ಗೆದ್ದಲು ಕಲ್ಲನ್ನೂ ಹತ್ತಿ ಬರುವುದುಂಟು. ಆದರೆ ಅದು ಮಣ್ಣಿನ ದಾರಿ ಕಟ್ಟಿಕೊಂಡೇ ಬರಬೇಕಾದ್ದರಿಂದ ಕಣ್ಣಿಗೆ ಬೀಳುತ್ತದೆ. ಪೊರಕೆಯಿಂದ ಗುಡಿಸಿ ಹಾಕಬಹುದು.

ಕಂಬದ ಬುಡಕ್ಕೆ, ಕೊಯ್ದ ತುದಿಗಳಿಗೆಲ್ಲ ಗೇರೆಣ್ಣೆ ಮೂರು ಸಲ ಹಚ್ಚಿದೆವು. ಮರ ನೀರು ಕುಡಿಯುವುದು ತುದಿಯಿಂದ. ಎಣ್ಣೆ ಕುಡಿಯುವುದೂ ಅಲ್ಲಿಂದಲೇ. ಗೇರುಬೀಜದ ಸಿಪ್ಪೆಯ ಈ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ. ಕೈಗೆ ತೆಂಗಿನೆಣ್ಣೆ ಸವರಿಕೊಂಡು, ಮಕ್ಕಳನ್ನು ದೂರವಿಟ್ಟು ಹಚ್ಚಬೇಕು. ಇಂಜಿನಿನ ಸುಟ್ಟ ಆಯಿಲು ಬಳಿಯುವ ಪದ್ಧತಿ ಈಗ ಬಂದಿದೆ. ಬಾವಿ ಇರುವ ಅಂಗಳದಲ್ಲಿ ಅದು ನಮಗೆ ಸರಿ ಕಾಣಲಿಲ್ಲ.

ಕಂಬ, ತೊಲೆ ಎತ್ತಿದ ದಿನ ಮನೆಯಲ್ಲಿ ಹದಿನಾಲ್ಕು ಮಂದಿ. ಸೋದರಮಾವ ಬಂದರು, ಭಾವ ಬಂದರು, ನೆರೆಮನೆಯ ಇಬ್ಬರು ಕರೆಯದೆಯೇ ಬಂದರು. ತೊಲೆ ಎತ್ತುವಾಗ ಒಬ್ಬನೇ ಮಾತಾಡಬೇಕು, ಉಳಿದವರು ಕೇಳಬೇಕು. ಅಂದು ಮಾತಾಡಿದವನು ತಮ್ಮ. ದೊಡ್ಡಣ್ಣ ಮತ್ತೊಂದು ತುದಿ ಹೆಗಲಿಗೆ ಕೊಟ್ಟು, ಅವನು ಹೇಳಿದಲ್ಲಿ ನಿಂತು, ಹೇಳಿದಾಗ ಎತ್ತಿದರು. ಅವರಿಬ್ಬರ ನಡುವೆ ಪಾಲಿನ ಮಾತು ಆ ದಿನವೂ ಬರಲಿಲ್ಲ, ಆಮೇಲೂ ಬಂದಿಲ್ಲ.

ಎದುರು ಬದಿ ತೆರೆದಿರುವ ಕೊಟ್ಟಗೆಗೆ ಒಂದು ದೌರ್ಬಲ್ಯವಿದೆ. ಗೋಡೆಯಿಲ್ಲದ ಆ ಬದಿ ಗಾಳಿಗೆ ಓಲಾಡುತ್ತದೆ. ಅದಕ್ಕಾಗಿ ಪ್ರತಿ ಕಂಬಕ್ಕೂ ತೊಲೆಗೂ ನಡುವೆ ಓರೆಯಾಗಿ ಒಂದು ಕೈಮರ ಬೇಕು. ಮೊಳಕೈ ಮಡಚಿ ತಲೆಯ ಹೊರೆ ಹಿಡಿದಂತೆ ಅದು ಹಿಡಿಯುತ್ತದೆ. ಅಂತೆಯೇ ಎರಡು ಬದಿಯ ಉದ್ದ ತೊಲೆಗಳನ್ನು ಅಡ್ಡ ತೊಲೆಗಳಿಂದ ಕಟ್ಟದಿದ್ದರೆ ಪಕ್ಕಾಸುಗಳು ಕಂಬಗಳನ್ನು ಹೊರಕ್ಕೆ ಒದೆಯುತ್ತವೆ. ಹಂಚಿನ ಭಾರ ಕಡಿಮೆಯದಲ್ಲ. ನಮ್ಮ ಮಾಡಿಗೆ ಹಿಡಿಸಿದ ಸುಮಾರು 460 ಹಂಚುಗಳ ತೂಕವೇ ಒಂದು ಟನ್ನಿಗೆ ಮೀರುತ್ತದೆ. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು.

ಮಾಡಿನ ಇಳಿಜಾರು ಐದಡಿಗೆ ಮೂರಡಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲ್ಲಿಮೀಟರಿನ ಆಸುಪಾಸು ಮಳೆ ಹೊಯ್ಯುವ ನಾಡಿನಲ್ಲಿ ಇದಕ್ಕಿಂತ ಚಪ್ಪಟೆ ಮಾಡಿದರೆ ಗಾಳಿ ನೀರನ್ನು ಹಂಚಿನಡಿಗೆ ನುಗ್ಗಿಸುತ್ತದೆ. ಸೂರು ಎರಡಡಿ ಹೊರಕ್ಕೆ ಚಾಚಬೇಕು. ಮಳೆ ಬರುವುದು ಪಡುವಣದಿಂದ; ಆದ್ದರಿಂದ ಬಾಗಿಲ ಬದಿ ಮೂಡಣಕ್ಕೆ. ಪಡುವ ಬದಿಗೆ ಹಳೆಯ ಮುಚ್ಚಿಗೆಯ ಹಲಗೆ ಹೊಡೆದೆವು, ಒಂದರ ಮೇಲೊಂದು ಸ್ವಲ್ಪ ಕೂರುವಂತೆ. ಬಡಗು ತೆಂಕುಗಳಿಗೆ ಅಡಕೆ ಸಲಾಕೆ ಸಾಕಾಯಿತು. ರೀಪುಗಳ ಅಂತರಕ್ಕೆ ಟೇಪು ಬೇಡ. ಎರಡು ಹಂಚನ್ನು ಒಂದಕ್ಕೊಂದು ಕೂಡಿಸಿ ಇಟ್ಟು ನೋಡಿದರೆ ಅದೇ ಹೇಳುತ್ತದೆ.

ಹಂಚೂ ಹಳೆಮನೆಯದೇ. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯ ಮುಳಿಹುಲ್ಲಿನ ಮಾಡುಗಳೆಲ್ಲ ಒಂದೊಂದಾಗಿ ಕೆಂಪಾದವು. ಹೆಂಗಸರು ರಾಶಿಯಿಂದ ಏಣಿಯ ತನಕ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಒಡಕಿನ ಹಂಚು ಅತ್ತಿಗೆಯ ಬೆರಳ ಗೆಣ್ಣಿನಿಂದ ಪಾರಾಗಲಿಲ್ಲ. ತಟ್ಟಿದಾಗ ಸದ್ದು ಕೆಟ್ಟದ್ದು ಬದಿಗೆ. ರಾಶಿಯಡಿಯಲ್ಲಿ ಚೇಳು ಇರುತ್ತದೆ, ಕೋಲಿನಿಂದ ಕೆದಕದೆ ಕೈ ಹಾಕಬಾರದು. ಹಂಚು ಹೊದೆಸುವಾಗ ಕೆಳಗಿನಿಂದ ಮೇಲಕ್ಕೆ, ಎರಡು ಬದಿಯಲ್ಲೂ ಸಮವಾಗಿ ಏರಬೇಕು. ಒಂದೇ ಬದಿ ಮುಗಿಸಿ ಇನ್ನೊಂದಕ್ಕೆ ಹೋದರೆ ಭಾರ ಒಂದು ಕಡೆಗೆ ವಾಲಿ ಹಂದರ ತಿರುಚುತ್ತದೆ.

ಪತ್ತನಾಜೆಗೆ ಮೂರು ದಿನ ಇರುವಾಗ ನೆತ್ತಿಯ ಹಂಚು ಕೂತಿತು. ಆ ರಾತ್ರಿಯೇ ಗುಡುಗಿನ ಮಳೆ ಬಂದು, ಟಾರ್ಚು ಹಿಡಿದು ಎಲ್ಲರೂ ಹೋಗಿ ಮಾಡಿನ ಅಡಿ ನಿಂತೆವು. ಎರಡು ಕಡೆ ಹನಿ ಬಿತ್ತು. ಬೆಳಿಗ್ಗೆ ಹಂಚು ಸರಿಸಿದ ಮೇಲೆ ನಿಂತಿತು. ಮಳೆಗಾಲ ಪೂರ್ತಿ ಜೀಪು ಒಣಗಿಯೇ ಇತ್ತು. ಅದರ ಬದಿಯಲ್ಲಿ ತೆಂಗಿನಕಾಯಿ, ಗೊಬ್ಬರದ ಚೀಲ, ಮಕ್ಕಳ ಸೈಕಲು ಬಂದು ಸೇರಿಕೊಂಡವು. ಜೀಪನ್ನು ಹೊರಗೆ ದಬ್ಬುವ ತನಕ ಬಿಡಬೇಡಿ ಎಂದು ತಮ್ಮ ಬೆಂಗಳೂರಿನಿಂದ ಫೋನಿನಲ್ಲಿ ತಾಕೀತು ಮಾಡುತ್ತಿರುತ್ತಾನೆ.

ಗೇರೆಣ್ಣೆ ವರ್ಷಕ್ಕೊಮ್ಮೆ, ಬೇಸಗೆಯ ಕೊನೆಗೆ, ಕಂಬದ ಬುಡಕ್ಕೆ ಮತ್ತೆ ಬೀಳಬೇಕು. ಇನ್ನು ಎರಡು ತೊಲೆ, ಏಳೆಂಟು ಪಕ್ಕಾಸು ಹಟ್ಟಿಯ ಪಕ್ಕ ಉಳಿದಿವೆ. ಅತ್ತಿಗೆಯವರು ಸೌದೆಯ ಕೊಟ್ಟಗೆಗೆಂದು ಅದರ ಮೇಲೆ ಕಣ್ಣಿಟ್ಟಿದ್ದಾರೆ. ಬರುವ ಬಿಸುವಿಗೆ ಆಚಾರಿಯವರಿಗೆ ಮಾತು ಕೊಟ್ಟಾಗಿದೆ.